ಲಾಭರಹಿತ ಗ್ರಂಥಾಲಯಗಳಲ್ಲಿ ಚಲನಚಿತ್ರ ಖರೀದಿ

ಲಾಭರಹಿತ ಗ್ರಂಥಾಲಯಗಳಲ್ಲಿ ಚಲನಚಿತ್ರ ಖರೀದಿ ಎಂದರೆ ಸರ್ಕಾರದ ಅನುದಾನದಿಂದ ನಡೆಯುವ ಅಥವಾ ಆದಾಯ ತೆರಿಗೆಯಿಂದ ವಿನಾಯಿತಿ ಪಡೆದ ಗ್ರಂಥಾಲಯಗಳು ತಮ್ಮ ಸದಸ್ಯರ ಬಳಕೆಗಾಗಿ ಚಲನಚಿತ್ರಗಳ ಪ್ರತಿಗಳನ್ನು ಕೊಂಡು ಸಂಗ್ರಹಿಸುವ ಕಾರ್ಯ. ಭಾರತದಲ್ಲಿ ಇಂತಹ ಗ್ರಂಥಾಲಯಗಳು ನ್ಯಾಯಸಮ್ಮತವಾಗಿ ಕೊಂಡ ಚಲನಚಿತ್ರದ ಪ್ರತಿಯನ್ನು ಲಾಭದ ಉದ್ದೇಶವಿಲ್ಲದೆ ಎರವಲು ನೀಡಲು 2012ರ ಕೃತಿಸ್ವಾಮ್ಯ ತಿದ್ದುಪಡಿಯು ಸ್ಪಷ್ಟ ಅವಕಾಶ ಕಲ್ಪಿಸಿತು. ಆದರೆ ಚಲನಚಿತ್ರಗಳನ್ನು ಮಾರುವ ಅಂಗಡಿಗಳು ಮತ್ತು ಜಾಲತಾಣಗಳು ಮನೆಬಳಕೆಯ ಗ್ರಾಹಕರನ್ನು ಗಮನದಲ್ಲಿಟ್ಟು ರೂಪುಗೊಂಡಿವೆ. ಮುಂಗಡ ಪಾವತಿ, ವ್ಯಕ್ತಿಯ ಹೆಸರಿನ ಖಾತೆ, ಅಲ್ಪಾವಧಿಯ ಹಿಂದಿರುಗಿಸುವಿಕೆ, 'ಗೃಹಬಳಕೆಗೆ ಮಾತ್ರ' ಎಂಬ ಷರತ್ತು ಇವೆಲ್ಲ ಸಾರ್ವಜನಿಕ ಹಣ ಬಳಸುವ ಸಂಸ್ಥೆಗಳ ಖರೀದಿ ನಿಯಮಗಳೊಡನೆ ಹೊಂದಿಕೊಳ್ಳುವುದಿಲ್ಲ. ಡಿವಿಡಿ ಮಾರಾಟ ಕುಗ್ಗಿ, ಅಂತರ್ಜಾಲದ ಮೂಲಕ ಚಿತ್ರ ವೀಕ್ಷಿಸುವ ಚಂದಾ ಸೇವೆಗಳು ಬೆಳೆದ ನಂತರ ಕೊಳ್ಳಲು ಪ್ರತಿಯೇ ಸಿಗದ ಸ್ಥಿತಿ ಉಂಟಾಗಿದ್ದು, ಕಾನೂನು ನೀಡಿದ ಎರವಲು ಅವಕಾಶದ ಉಪಯೋಗ ಕ್ಷೀಣಿಸುತ್ತಿದೆ.

ವ್ಯಾಖ್ಯೆ

ಕೃತಿಸ್ವಾಮ್ಯ ಅಧಿನಿಯಮ, 1957ರ ಪ್ರಕರಣ 2(ಎಫ್‌ಎ) 'ವಾಣಿಜ್ಯ ಬಾಡಿಗೆ' ಎಂಬ ಪದವನ್ನು ವಿವರಿಸುತ್ತದೆ. ಇದಕ್ಕೆ ಸೇರಿಸಲಾದ ವಿವರಣೆಯ ಪ್ರಕಾರ, ಸರ್ಕಾರದಿಂದ ಅನುದಾನ ಪಡೆಯುವ ಅಥವಾ 1961ರ ಆದಾಯ ತೆರಿಗೆ ಅಧಿನಿಯಮದ ಅಡಿಯಲ್ಲಿ ತೆರಿಗೆ ಪಾವತಿಯಿಂದ ವಿನಾಯಿತಿ ಹೊಂದಿರುವ ಗ್ರಂಥಾಲಯ ಅಥವಾ ಶಿಕ್ಷಣ ಸಂಸ್ಥೆಯು 'ಲಾಭರಹಿತ' ಎನಿಸಿಕೊಳ್ಳುತ್ತದೆ. ಈ ಎರಡರಲ್ಲಿ ಒಂದು ಅರ್ಹತೆ ಇದ್ದರೆ ಸಾಕು. ಹೀಗಾಗಿ ಸರ್ಕಾರಿ ಸಾರ್ವಜನಿಕ ಗ್ರಂಥಾಲಯ, ವಿಶ್ವವಿದ್ಯಾನಿಲಯದ ಗ್ರಂಥಾಲಯ, ಅನುದಾನಿತ ಕಾಲೇಜಿನ ಗ್ರಂಥಾಲಯ ಹಾಗೂ ತೆರಿಗೆ ವಿನಾಯಿತಿ ಪಡೆದ ದತ್ತಿ ಸಂಸ್ಥೆಯ ಗ್ರಂಥಾಲಯಗಳು ಒಂದೇ ವರ್ಗಕ್ಕೆ ಸೇರುತ್ತವೆ.

ಹಣ ಪಡೆದು ಕ್ಯಾಸೆಟ್ಟು ಅಥವಾ ಡಿಸ್ಕುಗಳನ್ನು ಬಾಡಿಗೆಗೆ ಕೊಡುತ್ತಿದ್ದ ಅಂಗಡಿಗಳನ್ನು ಕರ್ನಾಟಕದ ಊರುಗಳಲ್ಲಿ 'ವಿಡಿಯೊ ಲೈಬ್ರರಿ' ಎಂದು ಕರೆಯುವುದು ರೂಢಿಯಲ್ಲಿತ್ತು. ಇವು ವಾಣಿಜ್ಯ ಸಂಸ್ಥೆಗಳಾಗಿದ್ದು, ಮೇಲಿನ ವ್ಯಾಖ್ಯೆಗೆ ಒಳಪಡುವುದಿಲ್ಲ.

ಹಿನ್ನೆಲೆ

ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆಗೆ 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವು ಆಧಾರ. ರಾಜ್ಯದ ಮರುನಾಮಕರಣದ ನಂತರ ಇದು ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ ಎಂದು ಕರೆಯಲ್ಪಡುತ್ತದೆ. ಇದರ ಅಡಿಯಲ್ಲಿ ನಗರ ಮತ್ತು ಜಿಲ್ಲಾ ಗ್ರಂಥಾಲಯ ಪ್ರಾಧಿಕಾರಗಳು ರಚನೆಯಾಗಿವೆ. ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಜೊತೆಗೆ ಶೇಕಡ 6ರಷ್ಟು ಗ್ರಂಥಾಲಯ ಕರವನ್ನು ವಸೂಲು ಮಾಡಿ ಗ್ರಂಥಾಲಯ ನಿಧಿಗೆ ವರ್ಗಾಯಿಸಬೇಕು. ಉದಾಹರಣೆಗೆ, ಮೈಸೂರು ನಗರದ ದಕ್ಷಿಣ ಭಾಗದಲ್ಲಿರುವ ವಿದ್ಯಾರಣ್ಯಪುರಂ ಬಡಾವಣೆಯ ಮನೆಯೊಂದಕ್ಕೆ ₹5,000 ಆಸ್ತಿ ತೆರಿಗೆ ಇದ್ದಲ್ಲಿ, ಅದರ ಮೇಲೆ ₹300 ಗ್ರಂಥಾಲಯ ಕರ ಸೇರುತ್ತದೆ. ನಗರದ ಸಾರ್ವಜನಿಕ ಗ್ರಂಥಾಲಯಗಳು ಕೊಳ್ಳುವ ವಸ್ತುಗಳಿಗೆ ಹೀಗೆ ನಿವಾಸಿಗಳಿಂದ ಬಂದ ಹಣವೂ ಬಳಕೆಯಾಗುವುದರಿಂದ, ಪ್ರತಿ ಖರೀದಿಯೂ ಲೆಕ್ಕಪರಿಶೋಧನೆಗೆ ಒಳಪಡುತ್ತದೆ.

ಮೈಸೂರು ನಗರದಲ್ಲಿ ಬೇರೆ ಬೇರೆ ಆಡಳಿತಕ್ಕೆ ಸೇರಿದ ಗ್ರಂಥಾಲಯಗಳಿವೆ. ನಗರ ಕೇಂದ್ರ ಗ್ರಂಥಾಲಯ ಮತ್ತು ಅದರ ಶಾಖೆಗಳು ರಾಜ್ಯದ ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆಗೆ ಸೇರಿವೆ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯವು ರಾಜ್ಯದ ಕಾನೂನಿನ ಅಡಿಯ ಸಂಸ್ಥೆ. 1969ರಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನವು ಕೇಂದ್ರ ಸರ್ಕಾರದ್ದು. ಇವಲ್ಲದೆ ಮಠಗಳು ಹಾಗೂ ದತ್ತಿ ಸಂಸ್ಥೆಗಳು ನಡೆಸುವ ಕಾಲೇಜುಗಳ ಗ್ರಂಥಾಲಯಗಳಿವೆ. ಎರವಲು ಅವಕಾಶದ ದೃಷ್ಟಿಯಿಂದ ಇವು ಸಮಾನವಾದರೂ, ಖರೀದಿಯಲ್ಲಿ ಪಾಲಿಸಬೇಕಾದ ನಿಯಮಗಳು ಒಂದೊಂದಕ್ಕೂ ಭಿನ್ನವಾಗಿವೆ.

ಪುಸ್ತಕಗಳ ವಿಷಯದಲ್ಲಿ ಈ ಭಿನ್ನತೆಯಿಂದ ಹೆಚ್ಚಿನ ತೊಂದರೆಯಾಗುವುದಿಲ್ಲ. ಸಂಸ್ಥೆಗಳಿಗೆ ಪುಸ್ತಕ ಒದಗಿಸುವ ಮಾರಾಟಗಾರರ ಜಾಲವು ದೀರ್ಘಕಾಲದಿಂದ ಇದೆ. ಇವರು ಸರಬರಾಜು ಆದೇಶದ ಮೇಲೆ ಪುಸ್ತಕ ತಲುಪಿಸಿ, ತ್ರಿಪ್ರತಿಯಲ್ಲಿ ಬಿಲ್ಲು ಕೊಟ್ಟು, ಹಣ ಮಂಜೂರಾಗುವವರೆಗೆ ಕಾಯುತ್ತಾರೆ. ವಿದೇಶಿ ಪುಸ್ತಕಗಳ ಬೆಲೆಯನ್ನು ರೂಪಾಯಿಗೆ ಪರಿವರ್ತಿಸುವ ದರಕ್ಕೂ ಪುಸ್ತಕ ವ್ಯಾಪಾರಿಗಳ ಸಮಿತಿಯೊಂದು ಪ್ರಕಟಿಸುವ ಪಟ್ಟಿ ಬಳಕೆಯಲ್ಲಿದೆ. ಚಲನಚಿತ್ರಗಳಿಗೆ ಇಂತಹ ಸಾಂಸ್ಥಿಕ ಮಾರಾಟ ಜಾಲವು ಭಾರತದಲ್ಲಿ ವ್ಯಾಪಕವಾಗಿ ಬೆಳೆಯಲಿಲ್ಲ.

1980ರ ದಶಕದಲ್ಲಿ ವಿಡಿಯೊ ಕ್ಯಾಸೆಟ್ಟುಗಳು ಜನಪ್ರಿಯವಾದಾಗ ಅವು ಮುಖ್ಯವಾಗಿ ಬಾಡಿಗೆ ಅಂಗಡಿಗಳ ಮೂಲಕ ಜನರನ್ನು ತಲುಪಿದವು. ಆ ಕಾಲದ ನಕಲಿ ಕ್ಯಾಸೆಟ್ಟುಗಳ ಹಾವಳಿಯ ಹಿನ್ನೆಲೆಯಲ್ಲಿ 1984ರಲ್ಲಿ ಕೃತಿಸ್ವಾಮ್ಯ ಅಧಿನಿಯಮಕ್ಕೆ ತಿದ್ದುಪಡಿ ತರಲಾಯಿತು. ನಂತರ ವಿಸಿಡಿ ಮತ್ತು ಡಿವಿಡಿಗಳು ಬಂದವು. 2000ದ ದಶಕದ ಉತ್ತರಾರ್ಧದಲ್ಲಿ ಮೋಸರ್ ಬೇಯರ್ ಸಂಸ್ಥೆಯು ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಚಿತ್ರಗಳ ಡಿಸ್ಕುಗಳನ್ನು ಅತ್ಯಂತ ಕಡಿಮೆ ಬೆಲೆಗೆ ಮಾರುಕಟ್ಟೆಗೆ ತಂದಿತು. ಗ್ರಂಥಾಲಯಗಳ ಪಾಲಿಗೆ ಅದು ಅಸಲಿ ಪ್ರತಿಗಳು ಅಗ್ಗವಾಗಿ ದೊರೆಯುತ್ತಿದ್ದ ಕಾಲ. 2016ರಲ್ಲಿ ನೆಟ್‌ಫ್ಲಿಕ್ಸ್ ಮತ್ತು ಅಮೆಜಾನ್ ಪ್ರೈಮ್ ವಿಡಿಯೊ ಭಾರತದಲ್ಲಿ ಆರಂಭವಾದವು. ಮೋಸರ್ ಬೇಯರ್ ಸಂಸ್ಥೆಯು 2018ರಲ್ಲಿ ಸಮಾಪನೆಗೆ ಒಳಗಾಯಿತು.

ಕಾನೂನಿನ ಸ್ಥಿತಿ

ಎರವಲು

ಕೃತಿಸ್ವಾಮ್ಯ ಅಧಿನಿಯಮದ ಪ್ರಕರಣ 14(ಡಿ) ಅನ್ವಯ ಚಲನಚಿತ್ರದ ಪ್ರತಿಯನ್ನು ಮಾರುವ ಅಥವಾ ವಾಣಿಜ್ಯ ಬಾಡಿಗೆಗೆ ನೀಡುವ ಹಕ್ಕು ಹಕ್ಕುದಾರರದ್ದು. 2012ಕ್ಕೆ ಮೊದಲು ಈ ಪ್ರಕರಣದಲ್ಲಿ 'ಬಾಡಿಗೆ' ಎಂಬ ಸಾಮಾನ್ಯ ಪದವಿದ್ದು, ಆ ಪ್ರತಿ ಹಿಂದೆ ಮಾರಾಟವಾಗಿದ್ದರೂ ಹಕ್ಕು ಉಳಿಯುತ್ತದೆ ಎಂಬ ಮಾತೂ ಸೇರಿತ್ತು. 2012ರ ಜೂನ್ 21ರಂದು ಜಾರಿಗೆ ಬಂದ ತಿದ್ದುಪಡಿಯು ಆ ಮಾತನ್ನು ಕೈಬಿಟ್ಟು, 'ವಾಣಿಜ್ಯ ಬಾಡಿಗೆ' ಎಂಬ ಪದವನ್ನು ಬಳಸಿತು. ಲಾಭರಹಿತ ಗ್ರಂಥಾಲಯವು ನ್ಯಾಯಸಮ್ಮತವಾಗಿ ಪಡೆದ ಪ್ರತಿಯನ್ನು ಲಾಭರಹಿತ ಉದ್ದೇಶಕ್ಕೆ ಎರವಲು ನೀಡುವುದು ವಾಣಿಜ್ಯ ಬಾಡಿಗೆಯಲ್ಲ ಎಂದೂ ಸ್ಪಷ್ಟಪಡಿಸಿತು.

ಈ ಅವಕಾಶದ ತಿರುಳು 'ನ್ಯಾಯಸಮ್ಮತವಾಗಿ ಪಡೆದ ಪ್ರತಿ' ಎಂಬ ಪದಪುಂಜದಲ್ಲಿದೆ. ಗ್ರಂಥಾಲಯದ ಕೈಯಲ್ಲಿ ಪ್ರತಿಯೊಂದು ಇರಬೇಕು, ಮತ್ತು ಅದು ಅಸಲಿ ಮೂಲದಿಂದ ಬಂದಿರಬೇಕು. ಕೊಂಡದ್ದಕ್ಕೆ ದಾಖಲೆ ಇಲ್ಲದಿದ್ದರೆ ಅಥವಾ ಪ್ರತಿ ನಕಲಿಯಾಗಿದ್ದರೆ ಸಂಸ್ಥೆಯ ತೆರಿಗೆ ವಿನಾಯಿತಿಯೊಂದೇ ರಕ್ಷಣೆ ನೀಡುವುದಿಲ್ಲ.

ಪ್ರದರ್ಶನ

ಎರವಲು ಮತ್ತು ಪ್ರದರ್ಶನ ಬೇರೆ ಬೇರೆ ಹಕ್ಕುಗಳು. ಪ್ರಕರಣ 52(1)(ಜೆ) ಪ್ರಕಾರ ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಪೋಷಕರು ಹಾಗೂ ಸಂಸ್ಥೆಯ ಚಟುವಟಿಕೆಗೆ ಸಂಬಂಧಿಸಿದವರ ಮುಂದೆ ಚಲನಚಿತ್ರವನ್ನು ತೋರಿಸಬಹುದು. ಈ ವಿನಾಯಿತಿಯು ಶಿಕ್ಷಣ ಸಂಸ್ಥೆಗೆ ಸಂಬಂಧಿಸಿದ್ದು. ಬಡಾವಣೆಯ ಸಾರ್ವಜನಿಕ ಗ್ರಂಥಾಲಯವು ತನ್ನ ಸಭಾಂಗಣದಲ್ಲಿ ನಿವಾಸಿಗಳಿಗೆಲ್ಲ ಚಿತ್ರ ತೋರಿಸಲು ಬಯಸಿದರೆ ಹಕ್ಕುದಾರರಿಂದ ಪ್ರತ್ಯೇಕ ಅನುಮತಿ ಪಡೆಯಬೇಕಾಗುತ್ತದೆ. ಗ್ರಾಹಕ ಮಾರುಕಟ್ಟೆಯಲ್ಲಿ ಕೊಂಡ ಡಿಸ್ಕಿನ ಬೆಲೆಯಲ್ಲಿ ಇಂತಹ ಅನುಮತಿ ಅಡಕವಾಗಿರುವುದಿಲ್ಲ. ಮಾರಾಟಗಾರರಿಗೆ ಅದನ್ನು ನೀಡುವ ಅಧಿಕಾರವೂ ಇರುವುದಿಲ್ಲ.

ಆಮದು

ವಿದೇಶದಲ್ಲಿ ಕೊಂಡ ಡಿಸ್ಕುಗಳ ಬಗ್ಗೆ ದೆಹಲಿ ಉಚ್ಚ ನ್ಯಾಯಾಲಯದ 2009ರ ತೀರ್ಪು ಮುಖ್ಯವಾದುದು. ಅಮೆರಿಕದಲ್ಲಿ ಅಸಲಿಯಾಗಿಯೇ ಕೊಂಡ ಡಿವಿಡಿಗಳನ್ನು ತಂದು ಬಾಡಿಗೆಗೆ ನೀಡುತ್ತಿದ್ದ ದೆಹಲಿಯ ಅಂಗಡಿಯೊಂದರ ವಿರುದ್ಧ ವಾರ್ನರ್ ಬ್ರದರ್ಸ್ ಸಂಸ್ಥೆಯು ಹೂಡಿದ್ದ ಮೊಕದ್ದಮೆಯಲ್ಲಿ, ಹಕ್ಕುದಾರರ ಅನುಮತಿಯಿಲ್ಲದ ಅಂತಹ ಬಾಡಿಗೆಯು ಉಲ್ಲಂಘನೆ ಎಂದು ನ್ಯಾಯಾಲಯ ಹೇಳಿತು. ಆ ಮೊಕದ್ದಮೆ ವಾಣಿಜ್ಯ ಬಾಡಿಗೆಗೆ ಸಂಬಂಧಿಸಿದ್ದು, 2012ರ ತಿದ್ದುಪಡಿಗಿಂತ ಹಿಂದಿನದು. ಆದರೂ ವಿದೇಶಿ ಜಾಲತಾಣಗಳಿಂದ ನೇರವಾಗಿ ಡಿಸ್ಕು ತರಿಸುವ ಗ್ರಂಥಾಲಯಗಳು ಎಚ್ಚರಿಕೆ ವಹಿಸಲು ಅದು ಕಾರಣವಾಗಿದೆ. ಪ್ರಕರಣ 51ರ ಅಡಿಯಲ್ಲಿ ಆಮದಿಗೆ ಇರುವ ಒಂದು ಪ್ರತಿಯ ವಿನಾಯಿತಿಯು ಆಮದುದಾರರ ಖಾಸಗಿ ಮತ್ತು ಗೃಹಬಳಕೆಗೆ ಸೀಮಿತವಾಗಿದ್ದು, ಸಂಸ್ಥೆಗಳ ನೆರವಿಗೆ ಬರುವುದಿಲ್ಲ.

ಸಂರಕ್ಷಣೆ

ಪ್ರಕರಣ 52(1)(ಎನ್) ಪ್ರಕಾರ ವಾಣಿಜ್ಯೇತರ ಸಾರ್ವಜನಿಕ ಗ್ರಂಥಾಲಯವು ತನ್ನಲ್ಲಿ ಈಗಾಗಲೇ ಡಿಜಿಟಲ್ ಅಲ್ಲದ ಪ್ರತಿಯಿರುವ ಕೃತಿಯನ್ನು ಸಂರಕ್ಷಣೆಗಾಗಿ ವಿದ್ಯುನ್ಮಾನ ರೂಪದಲ್ಲಿ ಸಂಗ್ರಹಿಸಬಹುದು. ಹಳೆಯ ವಿಡಿಯೊ ಕ್ಯಾಸೆಟ್ಟು ಈ ಅವಕಾಶಕ್ಕೆ ಒಳಪಡುತ್ತದೆ. ಡಿವಿಡಿಯಾದರೋ ಸ್ವತಃ ಡಿಜಿಟಲ್ ಮಾಧ್ಯಮವಾದ್ದರಿಂದ ಪ್ರಕರಣದ ಪದಗಳು ಅದಕ್ಕೆ ಅನ್ವಯಿಸುವುದಿಲ್ಲ. ಅಲ್ಲದೆ ಉಲ್ಲಂಘನೆಯ ಉದ್ದೇಶದಿಂದ ಡಿಸ್ಕಿನ ತಾಂತ್ರಿಕ ರಕ್ಷಣೆಯನ್ನು ಮುರಿಯುವುದು ಪ್ರಕರಣ 65ಎ ಅಡಿಯಲ್ಲಿ ಎರಡು ವರ್ಷಗಳವರೆಗಿನ ಸೆರೆವಾಸ ಮತ್ತು ದಂಡಕ್ಕೆ ಗುರಿಯಾಗಬಹುದಾದ ಅಪರಾಧ. ಇದರಿಂದಾಗಿ, ಮಾರುಕಟ್ಟೆಯಲ್ಲಿ ಮತ್ತೆ ಸಿಗದ ಡಿಸ್ಕು ಗೀರು ಬಿದ್ದು ಹಾಳಾಗುವ ಮೊದಲೇ ಅದರ ನಕಲು ಮಾಡಿಟ್ಟುಕೊಳ್ಳಲು ಗ್ರಂಥಪಾಲಕರು ಹಿಂಜರಿಯುತ್ತಾರೆ.

ಖರೀದಿಯಲ್ಲಿನ ತೊಡಕುಗಳು

ಪಾವತಿ ಕ್ರಮ

ಗ್ರಾಹಕ ಜಾಲತಾಣಗಳಲ್ಲಿ ಹಣ ಮೊದಲು, ವಸ್ತು ನಂತರ. ಸರ್ಕಾರಿ ಸಂಸ್ಥೆಗಳಲ್ಲಿ ಕ್ರಮ ತಿರುವುಮುರುವು. ಕೇಂದ್ರ ಸರ್ಕಾರದ ಸಂಸ್ಥೆಗಳಿಗೆ ಅನ್ವಯಿಸುವ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ, ಸಾಮಾನ್ಯವಾಗಿ ಸರಬರಾಜು ಆದ ಬಳಿಕವೇ ಹಣ ಬಿಡುಗಡೆ ಮಾಡಬೇಕೆಂದು ನಿಯಮ 172 ಹೇಳುತ್ತದೆ. ಜಾಲತಾಣದ ಖಾತೆ ತೆರೆಯಲು ವ್ಯಕ್ತಿಯೊಬ್ಬರ ಮೊಬೈಲ್ ಸಂಖ್ಯೆ ಬೇಕು. ಕಾರ್ಡಿನ ಮೂಲಕ ಪಾವತಿಸುವಾಗ ಒಮ್ಮೆ ಬಳಸುವ ಗುಪ್ತಸಂಖ್ಯೆಯೂ ಅದೇ ಮೊಬೈಲಿಗೆ ಬರುತ್ತದೆ. ಅನೇಕ ಗ್ರಂಥಾಲಯಗಳಿಗೆ ಸಂಸ್ಥೆಯ ಹೆಸರಿನ ಕಾರ್ಡು ಇರುವುದಿಲ್ಲ.

ಇದಕ್ಕೆ ಪರ್ಯಾಯವಾಗಿ ಗ್ರಂಥಪಾಲಕರು ತಮ್ಮ ಸ್ವಂತ ಹಣದಿಂದ ಕೊಂಡು ನಂತರ ಮರುಪಾವತಿ ಕೋರುವುದುಂಟು. ಆಗ ಬಿಲ್ಲು ವ್ಯಕ್ತಿಯ ಹೆಸರಿನಲ್ಲಿ ಬರುತ್ತದೆ. ಸಂಸ್ಥೆಯ ದಾಸ್ತಾನು ವಹಿಯಲ್ಲಿ ವಸ್ತು ಇದ್ದರೂ, ಅದನ್ನು ಸಂಸ್ಥೆಯೇ ಕೊಂಡಿತೆಂಬುದಕ್ಕೆ ಬಿಲ್ಲು ಸಾಕ್ಷಿಯಾಗದೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಏಳುತ್ತದೆ. ಆಕ್ಷೇಪಣೆ ಇತ್ಯರ್ಥವಾಗದಿದ್ದರೆ ಮೊತ್ತವನ್ನು ಸಿಬ್ಬಂದಿಯಿಂದ ವಸೂಲು ಮಾಡುವ ಸಂಭವವೂ ಇದೆ. ನ್ಯಾಯಸಮ್ಮತ ಖರೀದಿಗೆ ಮೊದಲ ಪುರಾವೆಯೇ ಬಿಲ್ಲು ಆಗಿರುವುದರಿಂದ, ಈ ಲೋಪವು ಎರವಲು ಅವಕಾಶವನ್ನೂ ದುರ್ಬಲಗೊಳಿಸಬಲ್ಲದು.

ತೆರಿಗೆ

ಆದಾಯ ತೆರಿಗೆ ವಿನಾಯಿತಿಯು ಸಂಸ್ಥೆಯ ಆದಾಯಕ್ಕೆ ಸಂಬಂಧಿಸಿದ್ದೇ ಹೊರತು, ಅದು ಕೊಳ್ಳುವ ವಸ್ತುಗಳ ಮೇಲಿನ ತೆರಿಗೆಗೆ ಸಂಬಂಧಿಸಿದ್ದಲ್ಲ. 2017ರ ಜುಲೈ 1ರಂದು ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯಲ್ಲಿ ಮುದ್ರಿತ ಪುಸ್ತಕಗಳಿಗೆ ತೆರಿಗೆ ಇಲ್ಲ, ಚಲನಚಿತ್ರದ ಡಿಸ್ಕುಗಳಿಗೆ ಇದೆ. ಸಾರ್ವಜನಿಕ ಗ್ರಂಥಾಲಯಗಳು ಪುಸ್ತಕ ಹಾಗೂ ಜ್ಞಾನವರ್ಧಕ ಸಾಮಗ್ರಿಗಳನ್ನು ಎರವಲು ನೀಡುವ ಸೇವೆಗೆ ವಿನಾಯಿತಿ ದೊರೆತಿದ್ದರೂ, ಆ ಸಾಮಗ್ರಿಯನ್ನು ಕೊಳ್ಳುವಾಗ ಕೊಟ್ಟ ತೆರಿಗೆ ಹಿಂದಿರುಗುವುದಿಲ್ಲ. ವ್ಯಾಪಾರಿ ತಾನು ಕೊಟ್ಟ ತೆರಿಗೆಯನ್ನು ಮುಂದಿನ ಮಾರಾಟದಲ್ಲಿ ಹೊಂದಿಸಿಕೊಳ್ಳುತ್ತಾನೆ. ಎರವಲು ನೀಡುವ ಗ್ರಂಥಾಲಯಕ್ಕೆ ಆ ದಾರಿಯಿಲ್ಲ. ಹೀಗೆ ತೆರಿಗೆ ವಿನಾಯಿತಿ ಪಡೆದ ಸಂಸ್ಥೆಯೂ ಡಿಸ್ಕಿನ ವಿಷಯದಲ್ಲಿ ಕೊನೆಯ ಗ್ರಾಹಕನಂತೆಯೇ ಪೂರ್ಣ ತೆರಿಗೆ ಕೊಡಬೇಕಾಗುತ್ತದೆ.

ದರಪಟ್ಟಿ ಮತ್ತು ಬೆಲೆ ಏರಿಳಿತ

ರಾಜ್ಯದ ವಿಶ್ವವಿದ್ಯಾನಿಲಯಗಳು ಮತ್ತು ಸ್ಥಳೀಯ ಪ್ರಾಧಿಕಾರಗಳಿಗೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಅಧಿನಿಯಮ ಅನ್ವಯಿಸುತ್ತದೆ. ಸಣ್ಣ ಮೊತ್ತದ ಖರೀದಿಗೆ ಟೆಂಡರ್ ಬೇಕಿಲ್ಲವಾದರೂ, ಬೆಲೆ ಸೂಕ್ತವಾಗಿದೆ ಎಂಬುದನ್ನು ತೋರಿಸಲು ದರಪಟ್ಟಿಗಳನ್ನು ಕಡತದಲ್ಲಿಡುವುದು ವಾಡಿಕೆ. ಜಾಲತಾಣಗಳು ದರಪಟ್ಟಿ ಕೊಡುವುದಿಲ್ಲ. ಅಲ್ಲಿ ಕಾಣುವ ಬೆಲೆಯೂ ದಿನದಿಂದ ದಿನಕ್ಕೆ ಬದಲಾಗುತ್ತದೆ. ಕಡತಕ್ಕೆ ಮಂಜೂರಾತಿ ಸಿಗುವ ಹೊತ್ತಿಗೆ ಬೆಲೆ ಏರಿರಬಹುದು, ಇಲ್ಲವೇ ಇದ್ದ ಒಂದೇ ಪ್ರತಿ ಬೇರೆಯವರ ಪಾಲಾಗಿರಬಹುದು. ಕಲಾತ್ಮಕ ಚಿತ್ರಗಳಂತೆ ಒಮ್ಮೆ ಮಾತ್ರ, ಅಲ್ಪ ಸಂಖ್ಯೆಯಲ್ಲಿ ಬಿಡುಗಡೆಯಾದ ಡಿಸ್ಕುಗಳಿಗೆ ಈ ವಿಳಂಬವೇ ಮುಖ್ಯ ಅಡ್ಡಿ.

ಅಸಲಿತನ

ಇ-ಕಾಮರ್ಸ್ ತಾಣಗಳಲ್ಲಿ ತಾಣವನ್ನು ನಡೆಸುವವರು ಬೇರೆ, ವಸ್ತುವನ್ನು ಮಾರುವವರು ಬೇರೆ. ಒಂದೇ ಚಿತ್ರದ ಡಿಸ್ಕನ್ನು ಹಲವು ಮಾರಾಟಗಾರರು ಮಾರುವಾಗ ಅಸಲಿ ಯಾವುದು, ನಕಲಿ ಯಾವುದು ಎಂಬುದು ಪೊಟ್ಟಣ ಬಿಚ್ಚುವವರೆಗೆ ತಿಳಿಯುವುದಿಲ್ಲ. ಕೃತಿಸ್ವಾಮ್ಯ ಅಧಿನಿಯಮದ ಪ್ರಕರಣ 52ಎ ಇಲ್ಲಿ ನೆರವಾಗುತ್ತದೆ. ಇದರಂತೆ ವಿಡಿಯೊ ಚಿತ್ರದಲ್ಲಿಯೂ ಅದರ ಹೊದಿಕೆಯಲ್ಲಿಯೂ ಈ ವಿವರಗಳಿರಬೇಕು:

– ಪ್ರಮಾಣೀಕರಣ ಅಗತ್ಯವಿರುವ ಚಿತ್ರವಾದರೆ ಚಲನಚಿತ್ರ ಪ್ರಮಾಣೀಕರಣ ಮಂಡಳಿಯ ಪ್ರಮಾಣಪತ್ರದ ಪ್ರತಿ;
– ವಿಡಿಯೊ ಚಿತ್ರವನ್ನು ತಯಾರಿಸಿದವರ ಹೆಸರು, ವಿಳಾಸ ಮತ್ತು ಹಕ್ಕುದಾರರ ಒಪ್ಪಿಗೆ ಪಡೆದಿರುವುದಾಗಿ ಅವರ ಘೋಷಣೆ;
– ಕೃತಿಸ್ವಾಮ್ಯದ ಒಡೆಯರ ಹೆಸರು ಮತ್ತು ವಿಳಾಸ.

ಈ ವಿವರಗಳಿಲ್ಲದ, ಅಥವಾ ಮನೆಯ ಕಂಪ್ಯೂಟರಿನಲ್ಲಿ ಬರೆಯಬಹುದಾದ ಖಾಲಿ ಡಿಸ್ಕಿನಲ್ಲಿ ದಾಖಲಿಸಿದಂತೆ ಕಾಣುವ ಪ್ರತಿಯನ್ನು ಪರಿಗ್ರಹಣ ಮಾಡದೆ ಹಿಂದಿರುಗಿಸುವುದು ಸುರಕ್ಷಿತ ಕ್ರಮವೆನಿಸಿದೆ.

ಹಿಂದಿರುಗಿಸುವಿಕೆ ಮತ್ತು ದೂರು

ಗ್ರಾಹಕ ತಾಣಗಳಲ್ಲಿ ದೋಷವಿರುವ ವಸ್ತುವನ್ನು ಹಿಂದಿರುಗಿಸಲು ಕೆಲವೇ ದಿನಗಳ ಅವಧಿ ಇರುತ್ತದೆ. ಮನೆಯಲ್ಲಿ ಕೊಂಡವರು ಅಂದೇ ಹಾಕಿ ನೋಡುತ್ತಾರೆ. ಗ್ರಂಥಾಲಯದಲ್ಲಿ ಬಿಲ್ಲಿನ ಪರಿಶೀಲನೆ, ಪರಿಗ್ರಹಣ, ವರ್ಗೀಕರಣ ಮತ್ತು ಸೂಚೀಕರಣ ಮುಗಿದು ಡಿಸ್ಕು ಓದುಗರ ಕೈಸೇರುವ ವೇಳೆಗೆ ಆ ಅವಧಿ ಮುಗಿದಿರುತ್ತದೆ.

ದೂರು ನೀಡುವಲ್ಲಿಯೂ ಸಂಸ್ಥೆಗಳಿಗೆ ಅಸ್ಪಷ್ಟತೆ ಎದುರಾಗಿದೆ. 1986ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಅಡಿಯಲ್ಲಿ ದತ್ತಿ ಸಂಸ್ಥೆಯು 'ವ್ಯಕ್ತಿ' ಅಲ್ಲ, ಆದ್ದರಿಂದ ಗ್ರಾಹಕನಾಗಿ ದೂರು ಸಲ್ಲಿಸಲಾರದು ಎಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಪ್ರತಿಭಾ ಪ್ರತಿಷ್ಠಾನ ಮತ್ತು ಕೆನರಾ ಬ್ಯಾಂಕ್ ನಡುವಣ ಮೊಕದ್ದಮೆಯಲ್ಲಿ ತೀರ್ಪು ನೀಡಿತು. 2019ರ ಹೊಸ ಅಧಿನಿಯಮದಲ್ಲಿ 'ವ್ಯಕ್ತಿ' ಪದದ ವ್ಯಾಖ್ಯೆ ಹೆಚ್ಚು ವಿಶಾಲವಾಗಿದೆ.

ತಾಂತ್ರಿಕ ಅಡಚಣೆ

ಡಿವಿಡಿಗಳಿಗೆ ವಲಯ ಸಂಕೇತವಿದ್ದು, ಭಾರತವು 5ನೇ ವಲಯಕ್ಕೆ ಸೇರಿದೆ. ಅಮೆರಿಕದ 1ನೇ ವಲಯದ ಡಿಸ್ಕುಗಳು ಇಲ್ಲಿನ ಸಾಮಾನ್ಯ ಯಂತ್ರಗಳಲ್ಲಿ ನಡೆಯದಿರಬಹುದು. ಬ್ಲೂ-ರೇ ಡಿಸ್ಕುಗಳಲ್ಲಿ ಭಾರತವು 'ಸಿ' ವಲಯದಲ್ಲಿದೆ. ಇತ್ತೀಚಿನ ಲ್ಯಾಪ್‌ಟಾಪುಗಳಲ್ಲಿ ಡಿಸ್ಕು ಹಾಕುವ ಚಾಲಕವೇ ಇಲ್ಲದಿರುವುದು ಇನ್ನೊಂದು ತೊಡಕು. ಇದರಿಂದ ಡಿಸ್ಕಿನ ಜೊತೆಗೆ ಅದನ್ನು ನೋಡುವ ಯಂತ್ರವನ್ನೂ ಗ್ರಂಥಾಲಯವೇ ಒದಗಿಸಬೇಕಾಗುತ್ತದೆ.

ಚಂದಾ ಸೇವೆಗಳು

ಅಂತರ್ಜಾಲದ ಚಂದಾ ಸೇವೆಗಳಲ್ಲಿ ಚಂದಾದಾರರಿಗೆ ಚಿತ್ರದ ಪ್ರತಿ ದೊರೆಯುವುದಿಲ್ಲ, ಷರತ್ತುಗಳಿಗೊಳಪಟ್ಟು ವೀಕ್ಷಿಸುವ ಅನುಮತಿ ಮಾತ್ರ ದೊರೆಯುತ್ತದೆ. ಈ ಷರತ್ತುಗಳು ಸಾಮಾನ್ಯವಾಗಿ ವೈಯಕ್ತಿಕ, ವಾಣಿಜ್ಯೇತರ ಬಳಕೆಗೆ, ಅಂದರೆ ಒಂದು ಮನೆಯವರಿಗೆ ಸೀಮಿತವಾಗಿವೆ. ಗ್ರಂಥಾಲಯವು ಖಾತೆಯೊಂದನ್ನು ತೆರೆದು ಸದಸ್ಯರಿಗೆ ಸರದಿಯಂತೆ ಕೊಡುವುದು ಈ ಒಪ್ಪಂದಕ್ಕೆ ವಿರುದ್ಧವಾಗುತ್ತದೆ. 2012ರ ತಿದ್ದುಪಡಿಯ ಎರವಲು ಅವಕಾಶವು 'ಪ್ರತಿ'ಯನ್ನು ಅವಲಂಬಿಸಿರುವುದರಿಂದ ಪ್ರತಿಯೇ ಇಲ್ಲದ ಕಡೆ ಅದು ನೆರವಿಗೆ ಬರುವುದಿಲ್ಲ.

'ಕೊಳ್ಳಿರಿ' ಎಂಬ ಗುಂಡಿಯೊತ್ತಿ ಪಡೆದ ಡಿಜಿಟಲ್ ಚಿತ್ರವೂ ಬಹುತೇಕ ಸಂದರ್ಭಗಳಲ್ಲಿ ಪರವಾನಗಿಯೇ ಆಗಿದ್ದು, ಮಾರಾಟಗಾರರು ಹಕ್ಕು ಕಳೆದುಕೊಂಡಾಗ ಖಾತೆಯಿಂದ ಮರೆಯಾಗಬಹುದು. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ 2025ರಿಂದ ಜಾರಿಯಲ್ಲಿರುವ ಕಾನೂನು, ಇಂತಹ ಮಾರಾಟದಲ್ಲಿ ಕೊಡುತ್ತಿರುವುದು ಪರವಾನಗಿ ಮಾತ್ರ ಎಂಬುದನ್ನು ಗ್ರಾಹಕರಿಗೆ ತಿಳಿಸಬೇಕೆಂದು ವಿಧಿಸಿದೆ.

ಕನ್ನಡ ಚಿತ್ರಗಳು

ಈ ತೊಡಕುಗಳ ಪರಿಣಾಮವು ಕನ್ನಡ ಸಾಹಿತ್ಯ ಮತ್ತು ಸಿನಿಮಾದ ಅಧ್ಯಯನದಲ್ಲಿ ಎದ್ದು ಕಾಣುತ್ತದೆ. ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' ಅಥವಾ ಶಿವರಾಮ ಕಾರಂತರ 'ಚೋಮನ ದುಡಿ' ಕಾದಂಬರಿಯನ್ನು ಗ್ರಂಥಾಲಯದ ಕಪಾಟಿನಿಂದ ಪಡೆಯಬಹುದು. ಅವುಗಳನ್ನು ಆಧರಿಸಿದ 1970 ಮತ್ತು 1975ರ ಚಿತ್ರಗಳ ಅಸಲಿ ಪ್ರತಿ ಅದೇ ಗ್ರಂಥಾಲಯದಲ್ಲಿ ಸಿಗುವುದು ಅಷ್ಟು ಸುಲಭವಲ್ಲ.

ಪುಸ್ತಕಗಳಿಗೆ ಇರುವ ಕಾನೂನಾತ್ಮಕ ಸಲ್ಲಿಕೆಯ ವ್ಯವಸ್ಥೆಯೂ ಚಿತ್ರಗಳಿಗೆ ಅನ್ವಯಿಸುವುದಿಲ್ಲ. 1954ರ ಪುಸ್ತಕಗಳ ಸಲ್ಲಿಕೆ ಅಧಿನಿಯಮದಂತೆ ಪ್ರಕಾಶಕರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ ಮೊದಲಾದ ನಿಗದಿತ ಗ್ರಂಥಾಲಯಗಳಿಗೆ ಪ್ರತಿ ಕಳುಹಿಸಬೇಕು. ಚಲನಚಿತ್ರಗಳು ಇದರ ವ್ಯಾಪ್ತಿಯಲ್ಲಿಲ್ಲ. 1964ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಚಿತ್ರಗಳ ಸಂರಕ್ಷಣೆಯ ಮುಖ್ಯ ಸಂಸ್ಥೆ. ಆದರೂ ಎಲ್ಲ ಚಿತ್ರಗಳೂ ಉಳಿದುಬಂದಿಲ್ಲ. 1934ರಲ್ಲಿ ಬಿಡುಗಡೆಯಾದ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ ಪ್ರತಿ ಉಳಿದಿಲ್ಲ. ಇನ್ನೊಂದೆಡೆ, ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಪುನರುಜ್ಜೀವನಗೊಂಡು 2024ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು.

ಭಾರತದಲ್ಲಿ ಚಲನಚಿತ್ರದ ಕೃತಿಸ್ವಾಮ್ಯವು ಪ್ರಕಟಣೆಯ ಮರುವರ್ಷದ ಆರಂಭದಿಂದ 60 ವರ್ಷಗಳವರೆಗೆ ಇರುತ್ತದೆ. ಇದರಂತೆ 1954ರ 'ಬೇಡರ ಕಣ್ಣಪ್ಪ' ಚಿತ್ರದ ಅವಧಿ 2014ರ ಅಂತ್ಯಕ್ಕೆ ಮುಗಿದಿದೆ. ಆದರೆ ಚಿತ್ರವೊಂದರ ಸಾಹಿತ್ಯ ಮತ್ತು ಸಂಗೀತಕ್ಕೆ ಪ್ರತ್ಯೇಕ ಕೃತಿಸ್ವಾಮ್ಯವಿದ್ದು, ಅದರ ಅವಧಿಯನ್ನು ರಚನಕಾರರ ಮರಣದ ನಂತರದ 60 ವರ್ಷಗಳಾಗಿ ಎಣಿಸಲಾಗುತ್ತದೆ. ಆದ್ದರಿಂದ ಹಳೆಯ ಚಿತ್ರವೆಂಬ ಒಂದೇ ಕಾರಣಕ್ಕೆ ಅದರ ಎಲ್ಲ ಭಾಗವೂ ಮುಕ್ತವಾಗಿದೆ ಎಂದು ಭಾವಿಸುವಂತಿಲ್ಲ.

ಅನುಸರಿಸಲಾಗುವ ಕ್ರಮಗಳು

ಗ್ರಾಹಕ ಮಾರುಕಟ್ಟೆಯ ಮಿತಿಗಳನ್ನು ನೀಗಿಸಿಕೊಳ್ಳಲು ಗ್ರಂಥಾಲಯಗಳಿಗೆ ಹಲವು ದಾರಿಗಳಿವೆ:

– ಪುಸ್ತಕ ಒದಗಿಸುವ ಪರಿಚಿತ ಮಾರಾಟಗಾರರಿಗೇ ಡಿಸ್ಕುಗಳ ಸರಬರಾಜು ಆದೇಶ ನೀಡುವುದು. ಆಗ ಮುಂಗಡ ಪಾವತಿಯ ಹೊರೆ ಮಾರಾಟಗಾರರದ್ದಾಗುತ್ತದೆ ಮತ್ತು ಬಿಲ್ಲು ಸಂಸ್ಥೆಯ ಹೆಸರಿನಲ್ಲಿ ದೊರೆಯುತ್ತದೆ. ಇದಕ್ಕೆ ಬೆಲೆ ಸ್ವಲ್ಪ ಹೆಚ್ಚಾಗಬಹುದು.
– ಸಣ್ಣ ಖರೀದಿಗಳಿಗೆ ಖಾಯಂ ಮುಂಗಡ ಹಣವನ್ನು ಮಂಜೂರು ಮಾಡಿಸಿಕೊಂಡು, ಆದೇಶದ ಮೊದಲೇ ಸಮಿತಿಯ ಒಪ್ಪಿಗೆ ಪಡೆಯುವುದು.
– ಜಾಲತಾಣಗಳು ಸಂಸ್ಥೆಗಳಿಗಾಗಿ ನಡೆಸುವ ಪ್ರತ್ಯೇಕ ವಿಭಾಗಗಳಲ್ಲಿ ಸಂಸ್ಥೆಯ ಹೆಸರಿನ ಖಾತೆ ತೆರೆಯುವುದು. ಕೇಂದ್ರ ಸರ್ಕಾರದ ಸಂಸ್ಥೆಗಳು ಮೊದಲಿಗೆ 2016ರಲ್ಲಿ ಆರಂಭವಾದ ಸರ್ಕಾರಿ ಇ-ಮಾರುಕಟ್ಟೆಯಲ್ಲಿ ಲಭ್ಯತೆಯನ್ನು ಪರಿಶೀಲಿಸಬೇಕಾಗುತ್ತದೆ.
– ನಿರ್ಮಾಪಕರು ಅಥವಾ ನಿರ್ದೇಶಕರನ್ನು ನೇರವಾಗಿ ಸಂಪರ್ಕಿಸಿ, ಎರವಲು ಮತ್ತು ಪ್ರದರ್ಶನ ಎರಡಕ್ಕೂ ಲಿಖಿತ ಅನುಮತಿಯೊಡನೆ ಪ್ರತಿ ಪಡೆಯುವುದು. ಸಾಕ್ಷ್ಯಚಿತ್ರಗಳ ವಿಷಯದಲ್ಲಿ ಇದು ಹೆಚ್ಚು ಸಾಧ್ಯ. ನಿರ್ಮಾಪಕರಿಗೆ ಹಕ್ಕು ಉಳಿದಿದೆಯೇ, ಅವರು ಅದನ್ನು ಬೇರೆ ಸಂಸ್ಥೆಗೆ ಮಾರಿದ್ದಾರೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.
– ಸಾರ್ವಜನಿಕ ಸಂಸ್ಥೆಗಳಿಂದ ಕೊಳ್ಳುವುದು. ಫಿಲ್ಮ್ಸ್ ಡಿವಿಷನ್, ಮಕ್ಕಳ ಚಲನಚಿತ್ರ ಸಂಸ್ಥೆ ಮತ್ತು ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಗಳು 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನಗೊಂಡವು.

ಕೊಂಡ ಪ್ರತಿಯನ್ನು ಬಂದ ದಿನವೇ ಪೂರ್ತಿ ಓಡಿಸಿ ನೋಡುವುದು, ಹೊದಿಕೆಯನ್ನು ಎಸೆಯದೆ ಬಿಲ್ಲಿನೊಡನೆ ಕಾಪಿಡುವುದು ಮತ್ತು ಪರಿಗ್ರಹಣ ವಹಿಯಲ್ಲಿ ಮಾರಾಟಗಾರರ ವಿವರ ಬರೆಯುವುದು ಮುಂದಿನ ವಿವಾದಗಳನ್ನು ತಪ್ಪಿಸುತ್ತವೆ.

ಖರೀದಿಯ ಹೊರಗೂ ಕರ್ನಾಟಕದಲ್ಲಿ ಚಿತ್ರಗಳನ್ನು ಜನರಿಗೆ ತಲುಪಿಸಿದ ಪರಂಪರೆಯಿದೆ. 1971ರಲ್ಲಿ ಆರಂಭವಾದ ಬೆಂಗಳೂರಿನ ಸುಚಿತ್ರ ಫಿಲ್ಮ್ ಸೊಸೈಟಿ ಹಾಗೂ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು ಕಟ್ಟಿದ ನೀನಾಸಮ್‌ನ ಚಿತ್ರಸಮಾಜಗಳು ಪ್ರಮುಖ ಉದಾಹರಣೆಗಳು. ಚಿತ್ರಸಮಾಜಗಳು ಪ್ರತಿಗಳನ್ನು ಕೊಳ್ಳುವ ಬದಲು ಸಂಗ್ರಹಾಲಯಗಳು ಮತ್ತು ರಾಯಭಾರ ಕಚೇರಿಗಳಿಂದ ತರಿಸಿ, ಸದಸ್ಯರಿಗೆ ತೋರಿಸಿ ಹಿಂದಿರುಗಿಸುವ ಪದ್ಧತಿಯನ್ನು ಬೆಳೆಸಿದವು. ಇದರಿಂದ ಸಾಮೂಹಿಕ ವೀಕ್ಷಣೆ ಸಾಧ್ಯವಾಯಿತು. ಓದುಗರೊಬ್ಬರು ತಮಗೆ ಬೇಕಾದಾಗ ಚಿತ್ರವನ್ನು ಎರವಲು ಪಡೆದು ಮತ್ತೆ ಮತ್ತೆ ನೋಡುವ ಸೌಲಭ್ಯಕ್ಕೆ ಗ್ರಂಥಾಲಯದ ಸಂಗ್ರಹವೇ ಬೇಕಾಗುತ್ತದೆ.

ಇತರ ದೇಶಗಳಲ್ಲಿ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ, ಒಮ್ಮೆ ಮಾರಿದ ಪ್ರತಿಯ ಮೇಲೆ ಹಕ್ಕುದಾರರ ಹಿಡಿತ ಮುಗಿಯುತ್ತದೆ ಎಂಬ 'ಮೊದಲ ಮಾರಾಟ' ತತ್ತ್ವವನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1908ರಲ್ಲಿ ಎತ್ತಿಹಿಡಿಯಿತು. ಗ್ರಂಥಾಲಯಗಳು ಅಂಗಡಿಯಲ್ಲಿ ಕೊಂಡ ಡಿವಿಡಿಯನ್ನು ಇದರ ಆಧಾರದ ಮೇಲೆ ಎರವಲು ನೀಡುತ್ತವೆ. ಅಲ್ಲಿಯ ಬಹುತೇಕ ರಾಜ್ಯಗಳಲ್ಲಿ ಮಾರಾಟ ತೆರಿಗೆಯಿದ್ದು, ವಿನಾಯಿತಿ ಪಡೆದ ಗ್ರಂಥಾಲಯಗಳು ಪ್ರಮಾಣಪತ್ರ ತೋರಿಸಿ ತೆರಿಗೆಯಿಲ್ಲದೆ ಕೊಳ್ಳಬಹುದು. ಗ್ರಾಹಕ ಜಾಲತಾಣಗಳು ತೆರಿಗೆಯನ್ನು ತಾವಾಗಿಯೇ ಸೇರಿಸುವುದರಿಂದ ವಿನಾಯಿತಿಯನ್ನು ಮುಂಚಿತವಾಗಿ ನೋಂದಾಯಿಸಬೇಕು, ಇಲ್ಲವೇ ಮರುಪಾವತಿ ಕೋರಬೇಕು. ಭಾರತದಲ್ಲಿ ವಿನಾಯಿತಿಯು ಎರವಲು ನೀಡುವ ಅರ್ಹತೆಗೆ ಆಧಾರವಾದರೆ, ಅಮೆರಿಕದಲ್ಲಿ ಅದು ಕೊಳ್ಳುವ ಬೆಲೆಯನ್ನು ಇಳಿಸುತ್ತದೆ.

ಅಲ್ಲಿ ಕ್ಯಾನೊಪಿಯಂತಹ ಸೇವೆಗಳು ಗ್ರಂಥಾಲಯಗಳಿಗೆಂದೇ ಚಿತ್ರಗಳ ಅಂತರ್ಜಾಲ ವೀಕ್ಷಣೆಯನ್ನು ಒದಗಿಸುತ್ತವೆ. ಸದಸ್ಯರು ಉಚಿತವಾಗಿ ನೋಡುತ್ತಾರೆ, ಗ್ರಂಥಾಲಯವು ಶುಲ್ಕ ಭರಿಸುತ್ತದೆ. ಯುರೋಪಿನ ನ್ಯಾಯಾಲಯವು 2016ರಲ್ಲಿ, ನಿರ್ದಿಷ್ಟ ಷರತ್ತುಗಳಿಗೊಳಪಟ್ಟು ಒಂದು ಪ್ರತಿಯನ್ನು ಒಮ್ಮೆಗೆ ಒಬ್ಬರಿಗೆ ನೀಡುವ ಇ-ಪುಸ್ತಕದ ಎರವಲು ಮುದ್ರಿತ ಪುಸ್ತಕದ ಎರವಲಿಗೆ ಸಮಾನವಾಗಬಲ್ಲದು ಎಂದು ಹೇಳಿತು. ಈ ತೀರ್ಪು ಚಲನಚಿತ್ರಗಳಿಗೆ ಸಂಬಂಧಿಸಿದ್ದಲ್ಲವಾದರೂ, ಕೈಯಲ್ಲಿ ಹಿಡಿಯಲಾಗದ ಪ್ರತಿಯನ್ನೂ ಗ್ರಂಥಾಲಯವು ಎರವಲು ನೀಡಬಹುದೇ ಎಂಬ ಚರ್ಚೆಯಲ್ಲಿ ಉಲ್ಲೇಖಗೊಳ್ಳುತ್ತದೆ. ಭಾರತದ ಕೃತಿಸ್ವಾಮ್ಯ ಅಧಿನಿಯಮದಲ್ಲಿ ಅಂತರ್ಜಾಲದ ಮೂಲಕ ಚಲನಚಿತ್ರಗಳನ್ನು ಎರವಲು ನೀಡಲು ಗ್ರಂಥಾಲಯಗಳಿಗೆ ಪ್ರತ್ಯೇಕ ಅವಕಾಶವಿಲ್ಲ.

ಇವನ್ನೂ ನೋಡಿ

– ಕೃತಿಸ್ವಾಮ್ಯ
– ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಇಲಾಖೆ
– ಎಸ್. ಆರ್. ರಂಗನಾಥನ್
– ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ
– ಕನ್ನಡ ಚಿತ್ರರಂಗ
– ಮೈಸೂರು